ಹಿಲ್ಸ್ ರೋಡ್ ಸಿಕ್ಸ್ತ್ ಫಾರ್ಮ್ ಕಾಲೇಜು, ಕೇಂಬ್ರಿಜ್: ಮಗಳ ಎರಡು ವರ್ಷ ಮುಗಿದ ಮೇಲೆ

ಮಗಳು ಹಿಲ್ಸ್ ರೋಡಿನಲ್ಲಿ ಎರಡು ವರ್ಷ ಓದಿ ಮುಗಿಸಿದ್ದಾಳೆ. ಇನ್ನು ಮಗನ ಸರದಿ. ಈ ನಡುವೆ ಇಂಗ್ಲೆಂಡಿನಲ್ಲಿರುವ ಗೆಳತಿಯರು ಒಬ್ಬರಾದ ಮೇಲೆ ಒಬ್ಬರು ಅದೇ ಪ್ರಶ್ನೆ ಕೇಳುತ್ತಿದ್ದಾರೆ. ಜಿಸಿಎಸ್‌ಇ (ಹದಿನಾರಕ್ಕೆ ಬರೆಯುವ ಪರೀಕ್ಷೆ, ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ) ಆದಮೇಲೆ ಮಕ್ಕಳನ್ನು ಈಗಿರುವ ಶಾಲೆಯಲ್ಲೇ ಮುಂದುವರಿಸೋದಾ, ಸಾಲ ಮಾಡಿಯಾದರೂ ಪ್ರೈವೇಟಿಗೆ ಹಾಕೋದಾ, ಇಲ್ಲಾ ಸಿಕ್ಸ್ತ್ ಫಾರ್ಮ್ ಕಾಲೇಜಿಗೆ ಕಳಿಸೋದಾ? ಫೋನಿನಲ್ಲಿ ಎಲ್ಲರಿಗೂ ಅರ್ಧರ್ಧ ಹೇಳುವುದಕ್ಕಿಂತ ಒಂದೇ ಸಲ ಪೂರ್ತಿ ಬರೆದುಬಿಡುತ್ತೇನೆ. ಉದ್ದ ಆಗುತ್ತದೆ, ನಿಧಾನವಾಗಿ ಓದಿ.

ಹೊಸದಾಗಿ ಬಂದವರಿಗಾಗಿ ಮೊದಲು ಹೆಸರಿನ ವಿಷಯ. ಸಿಕ್ಸ್ತ್ ಫಾರ್ಮ್ ಅಂದರೆ ಆರನೇ ಕ್ಲಾಸಲ್ಲ. ಹಳೇ ಲೆಕ್ಕದಲ್ಲಿ ಹನ್ನೊಂದು ವರ್ಷದ ಮಗು ಸೆಕೆಂಡರಿ ಶಾಲೆಗೆ ಸೇರಿದರೆ ಅದು ಫಸ್ಟ್ ಫಾರ್ಮ್. ಹಾಗೇ ಏರುತ್ತಾ ಹೋದರೆ ಹದಿನಾರಕ್ಕೆ ಸಿಕ್ಸ್ತ್ ಫಾರ್ಮ್. ಅದರಲ್ಲಿ ಲೋಯರ್, ಅಪ್ಪರ್ ಅಂತ ಎರಡು ವರ್ಷ. ಈಗ ಇಯರ್ 12, ಇಯರ್ 13 ಅನ್ನುತ್ತಾರೆ, ಆದರೂ ಹಳೇ ಹೆಸರು ಹೋಗಿಲ್ಲ. ವಯಸ್ಸಿನಲ್ಲಿ ನೋಡಿದರೆ ನಮ್ಮ ಪಿಯುಸಿ. ಆದರೆ ಪಿಯುಸಿಯಲ್ಲಿರುವ ಸೈನ್ಸು, ಕಾಮರ್ಸು, ಆರ್ಟ್ಸು ಅನ್ನುವ ಗೋಡೆಗಳು ಇಲ್ಲಿಲ್ಲ. ಹೆಚ್ಚಿನ ಮಕ್ಕಳು ಮೂರು ವಿಷಯ ತೆಗೆದುಕೊಳ್ಳುತ್ತಾರೆ. ಆ ಮೂರು ಯಾವುವು ಅನ್ನುವುದು ಅವರ ಆಯ್ಕೆ. ನನ್ನ ಮಗಳು ಮ್ಯಾಥ್ಸ್, ಫಿಸಿಕ್ಸ್ ಜೊತೆಗೆ ಡ್ರಾಮಾ ತೆಗೆದುಕೊಂಡಳು. ಡ್ರಾಮಾ ಅಂದಾಗ ನಾನು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆ ಕಥೆಗೆ ಆಮೇಲೆ ಬರುತ್ತೇನೆ.

ಹಿಲ್ಸ್ ರೋಡೇ ಬೇಕು ಅಂತ ನಾವು ಮೊದಲಿಂದ ಅಂದುಕೊಂಡಿರಲಿಲ್ಲ. ಮೊದಲು ನೋಡಿದ್ದು ಬೇರೊಂದು ಶಾಲೆಯ ಸಿಕ್ಸ್ತ್ ಫಾರ್ಮ್, ಹೆಸರು ಬೇಡ. ಅಲ್ಲಿ ಫಿಸಿಕ್ಸ್ ಇದೆಯಾ ಅಂದರೆ "ಸಾಕಷ್ಟು ಮಕ್ಕಳು ಸೇರಿದರೆ ಇರುತ್ತದೆ" ಅಂದರು. ಡ್ರಾಮಾ ಮತ್ತು ಫಿಸಿಕ್ಸ್ ಒಂದೇ ಹೊತ್ತಿಗೆ ಬರುತ್ತವೆ, ಎರಡರಲ್ಲಿ ಒಂದನ್ನು ಬಿಡಿ ಅಂದರು. ಅವರದ್ದೇನೂ ತಪ್ಪಿಲ್ಲ. ಒಂದು ವರ್ಷಕ್ಕೆ ಎಂಬತ್ತು ನೂರು ಮಕ್ಕಳಿರುವ ಕಡೆ ಎಲ್ಲ ವಿಷಯಕ್ಕೂ ಮೇಷ್ಟ್ರನ್ನು ಇಟ್ಟುಕೊಳ್ಳುವುದು ಆಗುವ ಕೆಲಸವಲ್ಲ. ಸಿಕ್ಸ್ತ್ ಫಾರ್ಮ್ ಕಾಲೇಜು ಅನ್ನುವ ವ್ಯವಸ್ಥೆ ಹುಟ್ಟಿದ್ದೇ ಇದಕ್ಕೆ. ಸುತ್ತಲಿನ ಹತ್ತಾರು ಶಾಲೆಗಳ ಹದಿನಾರು ದಾಟಿದ ಮಕ್ಕಳನ್ನು ಒಂದು ಕಡೆ ಸೇರಿಸಿದರೆ, ಲ್ಯಾಟಿನ್ ಬೇಕು ಅನ್ನುವವರು ಒಂದೊಂದು ಶಾಲೆಯಲ್ಲಿ ಇಬ್ಬಿಬ್ಬರೇ ಇದ್ದರೂ ಅವರೆಲ್ಲ ಸೇರಿ ಒಂದು ತರಗತಿ ಆಗುತ್ತದೆ. ಹಿಲ್ಸ್ ರೋಡಿನಲ್ಲಿ ಎರಡೂ ವರ್ಷ ಸೇರಿ ಸುಮಾರು ಎರಡೂವರೆ ಸಾವಿರ ಮಕ್ಕಳು. ಆಯ್ಕೆ ಜಾಸ್ತಿ ಇರುವುದು ಅದಕ್ಕೇ.

ಈಗ ಈ ಜಾಗದ ಇತಿಹಾಸ. ನನಗೆ ಇದು ಬರೀ ಕಾಲೇಜಿನ ಕಥೆಯಲ್ಲ. ಯಾಕೆ ಅಂತ ಹೇಳುತ್ತೇನೆ.

1900ರಲ್ಲಿ ಇಲ್ಲಿ ಗಂಡುಮಕ್ಕಳಿಗಾಗಿ ಒಂದು ಶಾಲೆ ಶುರುವಾಯಿತು, ಕೇಂಬ್ರಿಜ್ ಅಂಡ್ ಕೌಂಟಿ ಸ್ಕೂಲ್ ಫಾರ್ ಬಾಯ್ಸ್. ಮುಂದೆ ಕೇಂಬ್ರಿಜ್‌ಶೈರ್ ಹೈಸ್ಕೂಲ್ ಫಾರ್ ಬಾಯ್ಸ್ ಅಂತ ಹೆಸರು ಬದಲಾಯಿತು. ಊರಿನವರ ಬಾಯಲ್ಲಿ ಅದು "ದಿ ಕೌಂಟಿ". ಇವತ್ತಿಗೂ ರಸ್ತೆಯಿಂದ ಮೊದಲು ಕಾಣುವುದು ಆ ಕಾಲದ ಕೆಂಪು ಇಟ್ಟಿಗೆಯ ಕಟ್ಟಡ. ಅಂಗಡಿಯವರ ಮಕ್ಕಳು, ಗುಮಾಸ್ತರ ಮಕ್ಕಳು ಓದಿದ ಶಾಲೆ ಅದು. ಆಮೇಲೆ ಗ್ರಾಮರ್ ಸ್ಕೂಲುಗಳ ಕಾಲ ಬಂತು. ಹನ್ನೊಂದು ವರ್ಷಕ್ಕೆ ಒಂದು ಪರೀಕ್ಷೆ, ಇಲೆವೆನ್ ಪ್ಲಸ್. ಪಾಸಾದವರು ಇಂಥ ಶಾಲೆಗೆ, ಉಳಿದವರು ಸಾಮಾನ್ಯ ಶಾಲೆಯಾದ ಸೆಕೆಂಡರಿ ಮಾಡರ್ನ್‌ಗೆ. ಹನ್ನೊಂದು ವರ್ಷದ ಮಗುವಿನ ಇಡೀ ದಾರಿ ಒಂದು ಬೆಳಗ್ಗೆ ತೀರ್ಮಾನ ಆಗುತ್ತಿತ್ತು ಅಂದರೆ ನನಗೆ ಈಗಲೂ ಹೊಟ್ಟೆ ಹಿಂಡಿದ ಹಾಗಾಗುತ್ತದೆ.

ಪಿಂಕ್ ಫ್ಲಾಯ್ಡ್ ಅನ್ನುವ ರಾಕ್ ಬ್ಯಾಂಡ್ ಕೇಳುವವರಿಗೆ ಈ ಶಾಲೆ ಗೊತ್ತಿರುತ್ತದೆ. ಆ ಬ್ಯಾಂಡಿನ ಸಿಡ್ ಬ್ಯಾರೆಟ್, ರೋಜರ್ ವಾಟರ್ಸ್ ಇಬ್ಬರೂ ಇಲ್ಲೇ ಓದಿದ್ದು. ಅವರ ಆಲ್ಬಮ್‌ಗಳ ಹೊದಿಕೆ ಮಾಡಿದ ಸ್ಟಾರ್ಮ್ ಥೋರ್ಗರ್ಸನ್ ಕೂಡ ಇದೇ ಶಾಲೆಯ ಹುಡುಗ. ನಮ್ಮ ಮನೆಯವರಿಗೆ ಈ ಕಾಲೇಜಿನ ಮೇಲೆ ಪ್ರೀತಿ ಬಂದಿದ್ದು ಆ ಒಂದೇ ಕಾರಣಕ್ಕೆ. ಸೇರುವ ಮುಂಚೆ ಕಾಲೇಜು ನೋಡಲು ಕರೆಯುವ ಓಪನ್ ಈವನಿಂಗ್‌ಗೆ ಹೋದಾಗ ಅವರು ಹಳೇ ಕಟ್ಟಡದ ಎದುರು ಒಂದು ನಿಮಿಷ ಸುಮ್ಮನೆ ನಿಂತುಬಿಟ್ಟಿದ್ದರು.

ನನ್ನನ್ನು ಹಿಡಿದಿಟ್ಟಿದ್ದು ಇನ್ನೊಬ್ಬ ಹಳೇ ವಿದ್ಯಾರ್ಥಿಯ ಕಥೆ. ಡೇವಿಡ್ ರಾಬಿನ್ಸನ್ ಅಂತ. 1904ರಲ್ಲಿ ಹುಟ್ಟಿದವರು. ಅಪ್ಪನದು ಕೇಂಬ್ರಿಜ್‌ನಲ್ಲಿ ಸೈಕಲ್ ಅಂಗಡಿ. ಹುಡುಗ ಹದಿನೈದಕ್ಕೇ ಈ ಶಾಲೆ ಬಿಟ್ಟು ಅಪ್ಪನ ಅಂಗಡಿಯಲ್ಲಿ ಕೆಲಸಕ್ಕೆ ಕೂತ. ಮುಂದೆ ಬೆಡ್‌ಫರ್ಡ್‌ಗೆ ಹೋಗಿ ಗ್ಯಾರೇಜ್ ನಡೆಸಿದರು. ಟಿವಿ ಬಂದ ಕಾಲದಲ್ಲಿ ಮನೆಮನೆಗೆ ಟಿವಿ ಬಾಡಿಗೆಗೆ ಕೊಡುವ ವ್ಯಾಪಾರ ಹಿಡಿದು ಕೋಟ್ಯಧಿಪತಿಯಾದರು. ಪ್ರಚಾರ ಅಂದರೆ ದೂರ ಸರಿಯುವ ಮನುಷ್ಯ. ಕೊನೆಗೆ ಸುಮಾರು 1.7 ಕೋಟಿ ಪೌಂಡ್ ಕೊಟ್ಟು ಯೂನಿವರ್ಸಿಟಿಗೆ ಒಂದು ಹೊಸ ಕಾಲೇಜನ್ನೇ ಕಟ್ಟಿಸಿದರು. ಅದೇ ರಾಬಿನ್ಸನ್ ಕಾಲೇಜು, 1981ರಲ್ಲಿ ರಾಣಿ ಎಲಿಜಬೆತ್ ಬಂದು ಉದ್ಘಾಟಿಸಿದ್ದು. ಅದಲ್ಲದೆ ಆಡನ್‌ಬ್ರೂಕ್ಸ್ ಆಸ್ಪತ್ರೆಯ ಆವರಣದಲ್ಲಿ ಒಂದು ಹೆರಿಗೆ ಆಸ್ಪತ್ರೆಗೂ ದುಡ್ಡು ಕೊಟ್ಟರು. ಅದಕ್ಕೆ ತಮ್ಮ ತಾಯಿಯ ಹೆಸರಿಟ್ಟರು. ರೋಸಿ.

ನನ್ನ ಇಬ್ಬರೂ ಮಕ್ಕಳು ಹುಟ್ಟಿದ್ದು ರೋಸಿಯಲ್ಲಿ. ಊರಿಂದ ಯಾರೂ ಬರಲಾಗದ ಹೊತ್ತಿನಲ್ಲಿ, ಬಾಣಂತನಕ್ಕೆ ಅಮ್ಮ ಇಲ್ಲದೆ, ಆ ವಾರ್ಡಿನ ನರ್ಸುಗಳೇ ನನ್ನನ್ನು ನೋಡಿಕೊಂಡರು. ರೋಸಿ ಅಂದರೆ ಯಾರು ಅಂತ ಆಗ ಗೊತ್ತಿರಲಿಲ್ಲ. ಹದಿನಾರು ವರ್ಷ ಆದಮೇಲೆ ಮಗಳ ಕಾಲೇಜಿನ ಹಿಂದಿನ ಕಥೆ ಓದುತ್ತಿದ್ದಾಗ ಗೊತ್ತಾಯಿತು, ಆಕೆ ಇದೇ ಶಾಲೆಯಲ್ಲಿ ಓದು ಮುಗಿಸದೆ ಹೋದ ಒಬ್ಬ ಹುಡುಗನ ಅಮ್ಮ ಅಂತ. ಅವತ್ತು ನಾನು ಅತ್ತಿದ್ದೆ. ಆಸ್ಪತ್ರೆಗೂ ಕಾಲೇಜಿಗೂ ನಡುವೆ ಇರುವುದು ಒಂದೇ ರಸ್ತೆ, ಸೈಕಲ್ಲಿನಲ್ಲಿ ಹತ್ತು ನಿಮಿಷವೂ ಬೇಡ.

ಇನ್ನು ಶಾಲೆ ಕಾಲೇಜಾದ ಬಗೆ. 1965ರಲ್ಲಿ ಲೇಬರ್ ಸರ್ಕಾರ 10/65 ಅನ್ನುವ ಸುತ್ತೋಲೆ ಕಳಿಸಿತು. ಹನ್ನೊಂದಕ್ಕೇ ಮಕ್ಕಳನ್ನು ಬೇರ್ಪಡಿಸುವುದನ್ನು ನಿಲ್ಲಿಸುವ ಯೋಜನೆ ಮಾಡಿ ಅಂತ ಕೌಂಟಿಗಳನ್ನು, ಅಂದರೆ ಸ್ಥಳೀಯ ಆಡಳಿತಗಳನ್ನು, ಕೇಳಿತು. ಅದರಲ್ಲಿ ಸೂಚಿಸಿದ್ದ ದಾರಿಗಳಲ್ಲಿ ಒಂದು, ಹದಿನಾರರವರೆಗೆ ಎಲ್ಲರಿಗೂ ಒಂದೇ ಬಗೆಯ ಶಾಲೆ, ಆಮೇಲೆ ಪ್ರತ್ಯೇಕ ಸಿಕ್ಸ್ತ್ ಫಾರ್ಮ್ ಕಾಲೇಜು. ಕೇಂಬ್ರಿಜ್ ಆ ದಾರಿ ಹಿಡಿಯಿತು. 1974ರ ಸೆಪ್ಟೆಂಬರ್‌ನಲ್ಲಿ ಗಂಡುಮಕ್ಕಳ ಶಾಲೆ ಹಿಲ್ಸ್ ರೋಡ್ ಸಿಕ್ಸ್ತ್ ಫಾರ್ಮ್ ಕಾಲೇಜಾಯಿತು, ಹುಡುಗಿಯರೂ ಬಂದರು. ಊರಿನ ಹೆಣ್ಣುಮಕ್ಕಳ ಶಾಲೆ ಅದೇ ವರ್ಷ ಲಾಂಗ್ ರೋಡ್ ಸಿಕ್ಸ್ತ್ ಫಾರ್ಮ್ ಕಾಲೇಜಾಯಿತು. ಆಮೇಲೆ 1992ರ ಕಾಯ್ದೆ. 1993ರ ಏಪ್ರಿಲ್ 1ರಿಂದ ದೇಶದ ಎಲ್ಲ ಸಿಕ್ಸ್ತ್ ಫಾರ್ಮ್ ಕಾಲೇಜುಗಳು ಕೌಂಟಿಯ ಕೈಯಿಂದ ಬಿಡುಗಡೆಯಾಗಿ ತಮ್ಮ ಕಟ್ಟಡ, ತಮ್ಮ ಸಿಬ್ಬಂದಿ, ತಮ್ಮ ಲೆಕ್ಕ ತಾವೇ ನೋಡಿಕೊಳ್ಳುವ ಹಾಗಾಯಿತು.

ಒಳಗೆ ಏನೇನಿದೆ ಅನ್ನುವುದಕ್ಕೆ ಬರೋಣ. ಹಳೇ ಕೆಂಪು ಕಟ್ಟಡದ ಹಿಂದೆ ಕಾಲಕಾಲಕ್ಕೆ ಕಟ್ಟಿದ ಹೊಸ ಕಟ್ಟಡಗಳು ಹಬ್ಬಿವೆ. ಲ್ಯಾಬುಗಳು, ಲೈಬ್ರರಿ, ಕ್ಯಾಂಟೀನ್ ಎಲ್ಲ ಇದ್ದದ್ದೇ. ಇದರಲ್ಲಿ ಹೇಳಿಕೊಳ್ಳುವಂಥದ್ದು ಎರಡು. ಒಂದು ಸ್ಪೋರ್ಟ್ಸ್ ಅಂಡ್ ಟೆನಿಸ್ ಸೆಂಟರ್. ಚಾವಣಿ ಇರುವ ಟೆನಿಸ್ ಕೋರ್ಟ್, ಜಿಮ್ ಎಲ್ಲ ಇದೆ, ಊರಿನವರಿಗೂ ತೆರೆದಿದೆ. ಸರ್ಕಾರಿ ದುಡ್ಡಿನಲ್ಲಿ ನಡೆಯುವ ಕಾಲೇಜಿನಲ್ಲಿ ಇದು ಅಪರೂಪ. ಮಳೆ ಹಿಡಿದ ನವೆಂಬರ್‌ನಲ್ಲಿ ಮಕ್ಕಳಿಗೆ ಚಾವಣಿ ಕೆಳಗೆ ಆಡಲು ಜಾಗ ಸಿಕ್ಕುವುದು ಎಷ್ಟು ದೊಡ್ಡದು ಅಂತ ಇಲ್ಲಿ ಚಳಿಗಾಲ ಕಳೆದವರಿಗೆ ಗೊತ್ತು. ನನ್ನ ಮಗಳು ಆಟದವಳಲ್ಲ, ಆ ಕಡೆ ಹೋದದ್ದು ಕಡಿಮೆ.

ಇನ್ನೊಂದು ಥಿಯೇಟರ್. ಅದರ ಹೆಸರೂ ರಾಬಿನ್ಸನ್. ಇದನ್ನು ಶಾಲೆಯ ಹಾಲು, ಒಂದು ತುದಿಗೆ ವೇದಿಕೆ ಅಂದುಕೊಳ್ಳಬೇಡಿ. ಮೆಟ್ಟಿಲು ಮೆಟ್ಟಿಲಾಗಿ ಕುರ್ಚಿ, ಲೈಟು, ಸೌಂಡು ಎಲ್ಲ ಇರುವ ನಿಜವಾದ ರಂಗಮಂದಿರ. ನಾನು ಡ್ರಾಮಾ ಬೇಡ ಅಂದಿದ್ದೆ ಅಲ್ವಾ? ಅವಳ ಎರಡನೇ ವರ್ಷದಲ್ಲಿ ಒಂದು ಪ್ರದರ್ಶನಕ್ಕೆ ಹೋಗಿ ಕೂತೆ. ಅವಳು ನಟಿಸುತ್ತಾಳೆ ಅಂದುಕೊಂಡು ವೇದಿಕೆ ಮೇಲೆ ಹುಡುಕುತ್ತಾ ಇದ್ದರೆ ಎಲ್ಲೂ ಇಲ್ಲ. ಮುಗಿದ ಮೇಲೆ ಹಿಂದಿನಿಂದ ಬಂದು "ಅಮ್ಮಾ, ಲೈಟಿಂಗ್ ಹೇಗಿತ್ತು?" ಅಂದಳು. ಎಷ್ಟು ವ್ಯಾಟಿನ ದೀಪ ಯಾವ ಕೋನದಲ್ಲಿ ಬಿದ್ದರೆ ಮುಖದ ನೆರಳು ಎಲ್ಲಿ ಹೋಗುತ್ತದೆ ಅಂತ ಮನೆಗೆ ಬರುವ ದಾರಿಯುದ್ದಕ್ಕೂ ಹೇಳಿದಳು. ಆ ಮಾತಿನಲ್ಲಿ ಫಿಸಿಕ್ಸೂ ಇತ್ತು, ನಾಟಕವೂ ಇತ್ತು. ಎರಡರಲ್ಲಿ ಒಂದನ್ನು ಬಿಡು ಅಂದಿದ್ದರೆ ಅವಳಿಗೆ ಏನು ತಪ್ಪಿಹೋಗುತ್ತಿತ್ತು ಅಂತ ನನಗೆ ಅವತ್ತು ಅರ್ಥವಾಯಿತು.

ಜಾಗದ ಬಗ್ಗೆ ಒಂದು ಮಾತು. ಕಾಲೇಜು ಊರೊಳಗಿದೆ, ಅದೇ ಅದರ ಬಲ. ಕೇಂಬ್ರಿಜ್ ರೈಲು ನಿಲ್ದಾಣದಿಂದ ನಡೆದು ಬರಬಹುದು. ಹಾಗಾಗಿ ಈಲಿ ಕಡೆಯಿಂದ, ರಾಯ್ಸ್ಟನ್ ಕಡೆಯಿಂದ ಮಕ್ಕಳು ರೈಲಿನಲ್ಲಿ ಬರುತ್ತಾರೆ. 2011ರಲ್ಲಿ ಶುರುವಾದ ಗೈಡೆಡ್ ಬಸ್‌ವೇ, ಅಂದರೆ ಬಸ್ಸುಗಳಿಗೆಂದೇ ಇರುವ ದಾರಿ, ನಿಲ್ದಾಣದಿಂದ ಆಸ್ಪತ್ರೆ ಕಡೆಗೆ ಹೋಗುತ್ತದೆ, ಅದರ ಪಕ್ಕದಲ್ಲೇ ಕಾರುಗಳ ಕಾಟವಿಲ್ಲದ ಸೈಕಲ್ ದಾರಿ. ಹಿಲ್ಸ್ ರೋಡಿನಲ್ಲೂ ಈಗ ಸೈಕಲ್ಲಿಗೆ ಬೇರೆ ಪಟ್ಟಿ ಇದೆ. ಮೊದಲ ವಾರ ನಾನು ಕಾರಿನಲ್ಲಿ ಬಿಡುತ್ತೇನೆ ಅಂದೆ. ಬೆಳಗಿನ ಎಂಟೂವರೆಯ ಹಿಲ್ಸ್ ರೋಡ್ ನೋಡಿದ ಮೇಲೆ ಆ ಯೋಚನೆ ಬಿಟ್ಟೆ. ಸೈಕಲ್ ಕೊಡಿಸಿ, ಒಳ್ಳೆಯ ಬೀಗ ಕೊಡಿಸಿ. ಈ ಊರಿನಲ್ಲಿ ಸೈಕಲ್ ಕಳ್ಳತನ ಜಾಸ್ತಿ. ಬೀಗಕ್ಕೆ ಹಾಕುವ ದುಡ್ಡು ದಂಡವಲ್ಲ.

ಓದಿಸುವ ರೀತಿ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ನಮ್ಮವರಿಗೆ ಗಾಬರಿಯಾಗುವುದು ಇಲ್ಲೇ. ಒಂದೊಂದು ವಿಷಯಕ್ಕೆ ವಾರಕ್ಕೆ ನಾಲ್ಕೈದು ಗಂಟೆ ಪಾಠ. ಮೂರು ವಿಷಯ ಅಂದರೆ ಹದಿನೈದು ಗಂಟೆ ಹಿಡಿಯಿರಿ. ಉಳಿದ ಹೊತ್ತು? ಅದು ಮಕ್ಕಳದ್ದು. ಲೈಬ್ರರಿಯಲ್ಲಿ ಕೂರಬಹುದು, ಬೊಟಾನಿಕ್ ಗಾರ್ಡನ್ ಕಡೆ ನಡೆದು ಬರಬಹುದು, ಮನೆಗೆ ಬಂದು ಮಲಗಲೂಬಹುದು. ಯೂನಿಫಾರ್ಮ್ ಇಲ್ಲ. ಮೊದಲ ಟರ್ಮಿನಲ್ಲಿ ಮಧ್ಯಾಹ್ನ ಒಂದೂವರೆಗೆ ಮನೆ ಬಾಗಿಲು ತೆರೆದು ಮಗಳು ಒಳಗೆ ಬಂದರೆ ನನ್ನ ಎದೆ ಧಸಕ್ ಅನ್ನುತ್ತಿತ್ತು. ಕ್ಲಾಸು ತಪ್ಪಿಸಿ ಬಂದಳಾ? ಇಲ್ಲ, ಅವತ್ತಿನ ಪಾಠವೇ ಅಷ್ಟು. ಹೀಗೆ ಬಿಟ್ಟರೆ ಓದುತ್ತಾರಾ ಅಂತ ನಾನೂ ಕೇಳಿದ್ದೆ. ಒಂದು ಪಾಠಕ್ಕೆ ಕಡಿಮೆ ಅಂದರೂ ಅಷ್ಟೇ ಹೊತ್ತು ತಾವಾಗಿ ಓದಬೇಕು ಅನ್ನುವುದು ಈ ಎರಡು ವರ್ಷದ ಕೋರ್ಸಾದ ಎ ಲೆವೆಲ್‌ನ ಲೆಕ್ಕ. ಅದನ್ನು ಕಲಿಯುವುದಕ್ಕೆ ಅವಳಿಗೆ ಕ್ರಿಸ್‌ಮಸ್‌ವರೆಗೆ ಹಿಡಿಯಿತು. ಮೊದಲ ಮ್ಯಾಥ್ಸ್ ಟೆಸ್ಟಿನಲ್ಲಿ ಅವಳು ಹಿಂದೆಂದೂ ತೆಗೆಯದಷ್ಟು ಕಡಿಮೆ ಅಂಕ ಬಂತು. ಅತ್ತಳು. ಆಮೇಲೆ ತಾನೇ ಒಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದಳು. ನಾನು ಹೇಳಿದ್ದಲ್ಲ, ಕಾಲೇಜಿನವರು ಹೇಳಿದ್ದೂ ಅಲ್ಲ.

ಹಾಗಂತ ಹಗುರವಾಗಿ ತೆಗೆದುಕೊಳ್ಳಬೇಡಿ. 2015ರಿಂದ ಎ ಲೆವೆಲ್ ಬದಲಾಗಿದೆ. ಮೊದಲ ವರ್ಷದ ಎಎಸ್ ಪರೀಕ್ಷೆಯ ಅಂಕ ಈಗ ಎ ಲೆವೆಲ್‌ಗೆ ಸೇರುವುದಿಲ್ಲ. ಹೆಚ್ಚಿನ ವಿಷಯಗಳಲ್ಲಿ ಎರಡು ವರ್ಷದ ಪಾಠವೆಲ್ಲ ಕೊನೆಯ ಮೇ, ಜೂನ್ ತಿಂಗಳ ಪರೀಕ್ಷೆಗೇ ಬಂದು ನಿಲ್ಲುತ್ತದೆ. ಯೂನಿವರ್ಸಿಟಿಗೆ ಅರ್ಜಿ ಹಾಕುವುದು ಮಾತ್ರ ಅದಕ್ಕೂ ಮುಂಚೆ, ಮೇಷ್ಟ್ರುಗಳು ಕೊಡುವ ಪ್ರೆಡಿಕ್ಟೆಡ್ ಗ್ರೇಡ್, ಅಂದರೆ ಇಷ್ಟು ಬರಬಹುದು ಅನ್ನುವ ಅಂದಾಜಿನ ಮೇಲೆ. ಆಕ್ಸ್‌ಫರ್ಡ್, ಕೇಂಬ್ರಿಜ್, ಮೆಡಿಸಿನ್ ಅಂದರೆ ಅಕ್ಟೋಬರ್ ಮಧ್ಯಕ್ಕೇ ಅರ್ಜಿ ಹೋಗಿರಬೇಕು. ಅಂದರೆ ಮೊದಲ ವರ್ಷ ಆರಾಮಾಗಿ ಕಳೆದು ಎರಡನೇ ವರ್ಷ ಹಿಡಿಯುತ್ತೇನೆ ಅನ್ನುವ ಲೆಕ್ಕ ನಡೆಯುವುದಿಲ್ಲ. ಸರ್ಕಾರಿ ಸಂಸ್ಥೆಗಳ ಪೈಕಿ ಆಕ್ಸ್‌ಫರ್ಡ್, ಕೇಂಬ್ರಿಜ್‌ಗೆ ಅತಿ ಹೆಚ್ಚು ಮಕ್ಕಳನ್ನು ಕಳಿಸುವ ಜಾಗಗಳಲ್ಲಿ ಹಿಲ್ಸ್ ರೋಡ್ ಒಂದು. ನಮ್ಮವರು ಈ ಕಾಲೇಜು ಕೇಳುವುದು ಮುಖ್ಯವಾಗಿ ಅದಕ್ಕೇ ಅಂತ ಗೊತ್ತು. ನನ್ನ ಮಗಳು ಅಲ್ಲಿಗೆ ಅರ್ಜಿಯನ್ನೇ ಹಾಕಲಿಲ್ಲ. ಆದರೂ ಈ ಎರಡು ವರ್ಷ ಅವಳಿಗೆ ಕೊಟ್ಟದ್ದು ಕಡಿಮೆಯಲ್ಲ.

ದುಡ್ಡಿನ ವಿಷಯ ಬಿಡಿಸಿ ಹೇಳಲೇಬೇಕು. ಇಲ್ಲಿ ಓದುವ ಹದಿನಾರು ಹದಿನೇಳರ ಮಕ್ಕಳಿಗೆ ಫೀಸು ಇಲ್ಲ. ಪೂರ್ತಿ ಸರ್ಕಾರದ ಖರ್ಚು. ಇದೇ ಊರಿನಲ್ಲಿ ಪ್ರೈವೇಟ್ ಶಾಲೆಯ ಫೀಸು ವರ್ಷಕ್ಕೆ 20,000 ಪೌಂಡ್ ದಾಟುತ್ತದೆ. 2025ರ ಜನವರಿಯಿಂದ ಅದರ ಮೇಲೆ 20 ಶೇಕಡಾ ವ್ಯಾಟ್ ಬೇರೆ. ಮನೆಯಲ್ಲಿ ಆದಾಯ ಕಡಿಮೆ ಇದ್ದರೆ ಪುಸ್ತಕ, ಪ್ರಯಾಣ, ಊಟಕ್ಕೆ ಬರ್ಸರಿ ಫಂಡ್ ಅನ್ನುವ ಸಹಾಯಧನ ಇದೆ, ಕೇಳಲು ಹಿಂಜರಿಯಬೇಡಿ. ತೀರಾ ಕಷ್ಟದಲ್ಲಿರುವ ಮಕ್ಕಳಿಗೆ, ಅಂದರೆ ಹೆತ್ತವರ ಬದಲು ಬೇರೆಯವರ ಮನೆಯಲ್ಲಿ ಫಾಸ್ಟರ್ ಕೇರ್‌ನಲ್ಲಿರುವಂಥವರಿಗೆ, ವರ್ಷಕ್ಕೆ 1,200 ಪೌಂಡ್‌ವರೆಗೂ ಸಿಗುತ್ತದೆ.

ಸರ್ಕಾರದ ಮೇಲೆ ನನಗೆ ಸಿಟ್ಟಿರುವುದೂ ಇಲ್ಲೇ. ಹದಿನಾರು ಹದಿನೇಳರ ಒಂದು ಮಗುವಿಗೆ ವರ್ಷಕ್ಕೆ ಕೊಡುವ ಮೂಲ ಹಣವನ್ನು 2013ರಲ್ಲಿ 4,000 ಪೌಂಡ್ ಅಂತ ಇಟ್ಟರು. ಮುಂದೆ ಏಳು ವರ್ಷ ಒಂದು ಪೌಂಡನ್ನೂ ಏರಿಸಲಿಲ್ಲ. ಕರೆಂಟ್ ಬಿಲ್ಲು ಏರಿತು, ಸಂಬಳ ಏರಿತು, ಮಕ್ಕಳ ತಲೆಗೆ ಬರುವ ಹಣ ಮಾತ್ರ ಅಲ್ಲೇ ನಿಂತಿತು. ಕಾಲೇಜುಗಳು ಸೇರಿ "ರೇಸ್ ದಿ ರೇಟ್" (ದರ ಏರಿಸಿ) ಅಂತ ಹೋರಾಟ ಮಾಡಿದ ಮೇಲೆ 2020ರಲ್ಲಿ ಅದು 4,188 ಆಯಿತು. ಇದರ ಜೊತೆ ಇನ್ನೊಂದು ಅನ್ಯಾಯ. ಸರ್ಕಾರಿ ಶಾಲೆಗಳು ತಾವು ಕಟ್ಟಿದ ವ್ಯಾಟ್ ವಾಪಸ್ ಪಡೆಯುತ್ತವೆ, ಕೌಂಟಿಯಿಂದ ಹೊರಗೆ ನೇರ ಸರ್ಕಾರದ ಹಣದಲ್ಲಿ ನಡೆಯುವ ಅಕಾಡೆಮಿ ಅನ್ನುವ ಶಾಲೆಗಳೂ ಪಡೆಯುತ್ತವೆ, ಅಕಾಡೆಮಿ ಆಗದೆ ಸಿಕ್ಸ್ತ್ ಫಾರ್ಮ್ ಕಾಲೇಜು ಅಂತಲೇ ಉಳಿದವಕ್ಕೆ ಆ ಹಕ್ಕಿಲ್ಲ. ಅದೇ ವಯಸ್ಸಿನ ಮಕ್ಕಳು, ಅದೇ ಪರೀಕ್ಷೆ. ಹೀಗಿದ್ದೂ ಮೂವತ್ತರ ಹತ್ತಿರ ವಿಷಯಗಳನ್ನು ಉಳಿಸಿಕೊಂಡು ಪಾಠ ಮಾಡುವ ಮೇಷ್ಟ್ರುಗಳನ್ನು ನೋಡಿದರೆ ಕೈಮುಗಿಯಬೇಕು ಅನ್ನಿಸುತ್ತದೆ.

ಎಲ್ಲ ಮಕ್ಕಳಿಗೂ ಇದು ಸರಿಹೊಂದುತ್ತದಾ? ಇಲ್ಲ. ಎರಡೂವರೆ ಸಾವಿರ ಜನರ ನಡುವೆ ಮಾತೇ ಆಡದ ಮಗುವೊಂದು ಕಳೆದುಹೋದ ಹಾಗೆ ಅನ್ನಿಸಬಹುದು. ಪಕ್ಕದಲ್ಲಿ ಕೂತು ಓದಿಸುವವರು ಬೇಕು ಅನ್ನುವ ಮಗುವಿಗೆ ಚಿಕ್ಕ ಶಾಲೆಯೇ ಮೇಲು. ಸೀಟು ಸಿಗುವುದಕ್ಕೆ ಜಿಸಿಎಸ್‌ಇಯಲ್ಲಿ ಒಳ್ಳೆಯ ಗ್ರೇಡು ಬೇಕು, ಮ್ಯಾಥ್ಸ್, ಸೈನ್ಸ್‌ಗಳಿಗೆ ಇನ್ನೂ ಚೆನ್ನಾಗಿರಬೇಕು. ಹನ್ನೊಂದಕ್ಕೆ ಮಾಡುತ್ತಿದ್ದ ಆಯ್ಕೆಯನ್ನು ಈಗ ಹದಿನಾರಕ್ಕೆ ಮಾಡುತ್ತಿದ್ದಾರೆ ಅಷ್ಟೇ ಅಂತ ನನ್ನ ಸ್ನೇಹಿತೆಯೊಬ್ಬಳು ವಾದಿಸುತ್ತಾಳೆ. ಅವಳ ಮಾತಿನಲ್ಲಿ ಹುರುಳಿದೆ. ಆದರೆ ಹನ್ನೊಂದಕ್ಕೂ ಹದಿನಾರಕ್ಕೂ ನಡುವೆ ಒಂದು ಮಗು ಎಷ್ಟು ಬದಲಾಗುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲದೆ ಇಲ್ಲಿ ಆಗದಿದ್ದರೆ ದಾರಿ ಮುಚ್ಚುವುದಿಲ್ಲ. ಲಾಂಗ್ ರೋಡ್ ಹತ್ತಿರದಲ್ಲೇ ಇದೆ, ಅಲ್ಲಿ ಎ ಲೆವೆಲ್ ಜೊತೆ ವೃತ್ತಿ ಕೋರ್ಸುಗಳೂ ಇವೆ. ನಮ್ಮವರು ಬಿಟೆಕ್ (BTEC, ನಮ್ಮ ಇಂಜಿನಿಯರಿಂಗ್ ಬಿ.ಟೆಕ್ ಅಲ್ಲ), ಟಿ ಲೆವೆಲ್ ಅನ್ನುವ ವೃತ್ತಿ ಕೋರ್ಸುಗಳು ಅಂದರೆ ಮುಖ ಸಣ್ಣ ಮಾಡುತ್ತಾರೆ, ಅದು ತಪ್ಪು. ನಮ್ಮ ಪಕ್ಕದ ಮನೆ ಹುಡುಗ ಆ ದಾರಿಯಲ್ಲೇ ಹೋಗಿ ಚೆನ್ನಾಗಿದ್ದಾನೆ.

ಅರ್ಜಿ ಹಾಕುವವರು ಒಂದೆರಡು ವಿಷಯ ನೆನಪಿಟ್ಟುಕೊಳ್ಳಿ. ಸುತ್ತಲಿನ ಪಾಲುದಾರ ಶಾಲೆಗಳ ಮಕ್ಕಳಿಗೆ ಮೊದಲ ಆದ್ಯತೆ. ನಿಮ್ಮ ಶಾಲೆ ಆ ಪಟ್ಟಿಯಲ್ಲಿದೆಯಾ ಅಂತ ಮನೆ ಬದಲಾಯಿಸುವ ಮುಂಚೆ ನೋಡಿ, ಆಮೇಲಲ್ಲ. ಓಪನ್ ಈವನಿಂಗ್ ಚಳಿ ಶುರುವಾಗುವ ಹೊತ್ತಿಗೆ ಇರುತ್ತದೆ, ಮಗುವನ್ನು ಕರೆದುಕೊಂಡೇ ಹೋಗಿ. ಅಲ್ಲಿ ಮೇಷ್ಟ್ರ ಹತ್ತಿರ ಮಾತಾಡುವುದಕ್ಕಿಂತ ಅಲ್ಲೇ ಓದುತ್ತಿರುವ ಮಕ್ಕಳ ಹತ್ತಿರ ನಿಮ್ಮ ಮಗು ಮಾತಾಡಲಿ, ನೀವು ಸ್ವಲ್ಪ ದೂರ ನಿಲ್ಲಿ. ಸೀಟು ಖಚಿತ ಆಗುವುದು ಆಗಸ್ಟ್ ಕೊನೆಯಲ್ಲಿ, ಜಿಸಿಎಸ್‌ಇ ಫಲಿತಾಂಶ ಬಂದ ಮೇಲೆ. ಆ ವಾರ ಊರಿಗೆ ಟಿಕೆಟ್ ಮಾಡಬೇಡಿ. ನಾವು ಮಾಡಿಸಿ, ಆಮೇಲೆ ದಂಡ ಕಟ್ಟಿ ಬದಲಾಯಿಸಿದೆವು.

ಮಗ ಈಗ ಇಯರ್ 10. ಅವನಿಗೆ ಕೆಮಿಸ್ಟ್ರಿ ಇಷ್ಟ, ಜೊತೆಗೆ ಮ್ಯೂಸಿಕ್ ತೆಗೆದುಕೊಳ್ಳುತ್ತೇನೆ ಅಂತ ಮೊನ್ನೆ ಊಟಕ್ಕೆ ಕೂತಾಗ ಹೇಳಿದ. ಮೇಜಿನ ಆ ಕಡೆಯಿಂದ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ತಗೋ ಮಗಾ ಅಂದೆ.